ಮಚ್ಚು ಯಾರ ಕೈಯಲ್ಲಿತ್ತು: ಹದಿನಾರು ದಾಟಿದ ಹುಡುಗನ ಒಂದು ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇವನು ಯಾವ ಊರಿನ ಯಾರ ಮನೆ ಹುಡುಗ ಅಂತ ಹುಡುಕಲು ಹೋಗಬೇಡಿ, ಸಿಗಲ್ಲ. ಮಂಡ್ಯ ಕಡೆಯ ಒಂದೇ ತರದ ಮೂರ್ನಾಲ್ಕು ಪ್ರಕರಣಗಳನ್ನು ಕಲಸಿ ಒಂದು ಮಾಡಿದ್ದೇನೆ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಹೆಸರು, ಊರು, ಶಾಲೆ ಯಾವುದನ್ನೂ ಬಹಿರಂಗ ಮಾಡುವಂತಿಲ್ಲ. ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಆದರೂ ಮುಖಕ್ಕೆ ಮಸುಕು ಹಾಕಿ, ಬೀದಿ ಹೆಸರನ್ನೂ ಅಪ್ಪನ ಕಸುಬನ್ನೂ ಹೇಳಿ ವಿಡಿಯೊ ಹಾಕುವವರು ಇದ್ದಾರೆ. ಹಳ್ಳಿಯಲ್ಲಿ ಅಷ್ಟು ಹೇಳಿದರೆ ಮುಖ ಯಾಕೆ ಬೇಕು? ಇರಲಿ. ಈ ಪ್ರಕರಣದಲ್ಲಿ ಸಿಕ್ಕಿಬಿದ್ದ ಮೂವರನ್ನು ನಾನು ಅಣ್ಣ, ಹುಡುಗ, ಚಿಕ್ಕವನು ಅಂತ ಕರೆಯುತ್ತೇನೆ. ಬಾಲ ನ್ಯಾಯ ಮಂಡಳಿ ಕೇಳಿದಾಗ ಇಂಥ ಮಕ್ಕಳ ಜೊತೆ ಕೂತು ಮಾತಾಡಿ ವರದಿ ಬರೆದುಕೊಡುವುದು ನನ್ನ ಕೆಲಸ.

ನಡೆದದ್ದು ಇಷ್ಟು. ಕಬ್ಬು ಕಟಾವಿನ ಕಾಲ, ರಾತ್ರಿ ಹತ್ತರ ಹೊತ್ತು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಹಾಗಾಗಿ ಸುತ್ತಲಿನ ಊರಿನವರ ಓಡಾಟವೆಲ್ಲ ಸರ್ವಿಸ್ ರಸ್ತೆಯಲ್ಲಿ. ಆಲೆಮನೆಯಲ್ಲಿ ಕೆಲಸ ಮುಗಿಸಿದ ನಲವತ್ತೈದರ ಒಬ್ಬರು ಎಕ್ಸೆಲ್ ಗಾಡಿಯಲ್ಲಿ ಮನೆ ಕಡೆ ಹೊರಟಿದ್ದರು. ದೀಪ ಇಲ್ಲದ ಒಂದು ಜಾಗದಲ್ಲಿ ಹಿಂದಿನಿಂದ ಬಂದ ಬೈಕು ಅಡ್ಡ ನಿಂತಿತು. ಬೈಕಿನಲ್ಲಿ ಮೂವರು. ಓಡಿಸುತ್ತಿದ್ದವನು ಅಣ್ಣ, 21 ವರ್ಷ. ನಡುವೆ ಹುಡುಗ, 16 ವರ್ಷ 8 ತಿಂಗಳು. ಕೊನೆಯಲ್ಲಿ ಚಿಕ್ಕವನು, 15 ತುಂಬಿ ಆರು ತಿಂಗಳು. ಬೆಂಕಿಪೊಟ್ಟಣ ಕೇಳಿದರು. ಆಮೇಲೆ ಫೋನು ಕೇಳಿದರು. ಆತ ಕೊಡಲಿಲ್ಲ, ಬೈದರು. ಹುಡುಗ ಮಚ್ಚು ಬೀಸಿದ. ಬಿದ್ದದ್ದು ಮಚ್ಚಿನ ಬೆನ್ನು, ಬಾಯಲ್ಲ, ಅದೇ ಪುಣ್ಯ. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಹೋದದ್ದು ಒಂದು ಫೋನು, 2,300 ರೂಪಾಯಿ.

ಈಗ ನೋಡಿ, ಒಂದೇ ಬೈಕಿನಲ್ಲಿ ಬಂದ ಮೂವರು ಮೂರು ದಾರಿ ಹಿಡಿದರು. ಅಣ್ಣ ದೊಡ್ಡವರ ಕೋರ್ಟಿಗೆ. ಚಿಕ್ಕವನು 16 ತುಂಬದವನು. ಅವನು ಏನೇ ಮಾಡಿದ್ದರೂ ಅವನ ವಿಚಾರಣೆ ಮಂಡಳಿಯಲ್ಲೇ, ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ, ಅಂದರೆ ತಪ್ಪು ಸಾಬೀತಾದ ಮಕ್ಕಳನ್ನು ಇಡುವ ಜಾಗ. ಹುಡುಗನದು ನಡುವಿನ ದಾರಿ, ಬೈಕಿನ ಮೇಲೆ ಕೂತ ಹಾಗೆಯೇ. 2015ರ ಬಾಲ ನ್ಯಾಯ ಕಾಯ್ದೆ 16ರಿಂದ 18ರ ನಡುವಿನವರಿಗೆ ಒಂದು ಕವಲು ಇಟ್ಟಿದೆ. ಮಾಡಿದ್ದು ಘೋರ ಅಪರಾಧವಾಗಿದ್ದರೆ, ಅಂದರೆ ಕಾನೂನಿನಲ್ಲಿ ಅದಕ್ಕೆ ಕನಿಷ್ಠ ಏಳು ವರ್ಷವೋ ಅದಕ್ಕಿಂತ ಜಾಸ್ತಿಯೋ ಶಿಕ್ಷೆ ಇದ್ದರೆ, ಮಂಡಳಿ ಮೊದಲು ಒಂದು ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಆಮೇಲೆ ಪ್ರಕರಣವನ್ನು ತನ್ನಲ್ಲೇ ಇಟ್ಟುಕೊಳ್ಳಬಹುದು, ಅಥವಾ ದೊಡ್ಡವನಂತೆ ವಿಚಾರಣೆ ಆಗಲಿ ಅಂತ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಇದು ಎಲ್ಲಿಂದ ಬಂತು ಅಂತ ಎಲ್ಲರಿಗೂ ಗೊತ್ತು. 2012ರ ಡಿಸೆಂಬರ್‌ನ ದೆಹಲಿಯ ನಿರ್ಭಯಾ ಪ್ರಕರಣದಲ್ಲಿ ಒಬ್ಬ 18 ತುಂಬದವನಿದ್ದ, ಮೂರು ವರ್ಷಕ್ಕೆ ಹೊರಗೆ ಬಂದ, ದೇಶಕ್ಕೇ ಸಿಟ್ಟು ಬಂತು. ಹೊಸ ಕಾಯ್ದೆ 2016ರ ಜನವರಿ 15ರಿಂದ ಜಾರಿಯಾಯಿತು.

ಸುಲಿಗೆ ಅಂದಕೂಡಲೇ ಘೋರ ಅಪರಾಧ ಆಗುವುದಿಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಲಿಗೆಗೆ ಹತ್ತು ವರ್ಷದವರೆಗೆ, ರಾತ್ರಿ ಹೆದ್ದಾರಿಯಲ್ಲಾದರೆ ಹದಿನಾಲ್ಕರವರೆಗೆ ಶಿಕ್ಷೆ ಇದೆ. ಆದರೆ ಇಂತಿಷ್ಟಕ್ಕಿಂತ ಕಡಿಮೆ ಕೊಡಬಾರದು ಅನ್ನುವ ಮಾತಿಲ್ಲ. ಆ ಮಾತು ಬರುವುದು 311ನೇ ಸೆಕ್ಷನ್‌ನಲ್ಲಿ. ಸುಲಿಗೆ ಮಾಡುವಾಗ ಮಾರಕಾಸ್ತ್ರ ಬಳಸಿದರೆ ಅಥವಾ ತೀವ್ರ ಗಾಯ ಮಾಡಿದರೆ ಕನಿಷ್ಠ ಏಳು ವರ್ಷ. ಮೂಳೆ ಮುರಿಯುವುದು ತೀವ್ರ ಗಾಯ. ಮತ್ತು ಹಳೇ ದಂಡಸಂಹಿತೆಯ 397ನೇ ಸೆಕ್ಷನ್ ಕಾಲದಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು, ಈ ಏಳು ವರ್ಷದ ಮಾತು ಆಯುಧ ಬಳಸಿದವನಿಗೆ ಮಾತ್ರ, ಜೊತೆಗಿದ್ದವರಿಗಲ್ಲ ಅಂತ. ಅಂದರೆ ಮಚ್ಚು ಅಣ್ಣನ ಕೈಯಲ್ಲೇ ಇದ್ದಿದ್ದರೆ ಹುಡುಗನ ಮೇಲಿನ ಕೇಸು ಘೋರ ಅಪರಾಧ ಆಗುತ್ತಿರಲಿಲ್ಲ, ಮೌಲ್ಯಮಾಪನವೂ ಬೇಕಿರಲಿಲ್ಲ, ನಾನೂ ಅವನನ್ನು ನೋಡುತ್ತಿರಲಿಲ್ಲ.

ಹುಡುಗನ ಮನೆ ಕಡೆ ಹೇಳಿಕೊಳ್ಳುವಂಥ ದೊಡ್ಡ ಕಥೆಯೇನೂ ಇಲ್ಲ. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಕುಡಿಯುತ್ತಾನೆ, ಹೊಡೆಯುತ್ತಾನೆ ಅಂತೆಲ್ಲ ನೀವು ಊಹೆ ಮಾಡಿಕೊಳ್ಳಬೇಡಿ, ಅಂಥದ್ದೇನಿಲ್ಲ. ಅವ್ವ ಕಳೆ ಕೀಳಲು, ನಾಟಿಗೆ ಕೂಲಿಗೆ ಹೋಗುತ್ತಾಳೆ. ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕಳೆದುಕೊಂಡ. ಮತ್ತೆ ಪರೀಕ್ಷೆಗೆ ಕಟ್ಟಿದ, ಹೋಗಲಿಲ್ಲ. ರಸ್ತೆ ಪಕ್ಕದ ವಾಟರ್ ಸರ್ವಿಸ್ ಅಂಗಡಿಯಲ್ಲಿ ಗಾಡಿ ತೊಳೆಯಲು ಸೇರಿಕೊಂಡ. ಅಲ್ಲೇ ಅಣ್ಣನ ಪರಿಚಯ. ಅಣ್ಣ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲೋಡಿಂಗ್ ಇದ್ದಾಗ ಹೋಗುವವನು, ಇಲ್ಲದಾಗ ಈ ಅಂಗಡಿ ಮುಂದೆ ಕೂರುವವನು. ಮಚ್ಚು ಎಳನೀರು ಕೊಚ್ಚುವ ಮಚ್ಚು.

ಅವ್ವ ಮೊದಲ ದಿನ ನನ್ನ ಕೈ ಹಿಡಿದುಕೊಂಡು ಹೇಳಿದ್ದು, "ನನ್ ಮಗ ಒಳ್ಳೇನು ಕಣವ್ವ, ಸಾವಾಸ ಕೆಡಿಸ್ತು." ಎಲ್ಲ ಅವ್ವಂದಿರೂ ಹೇಳುವ ಮಾತೇ ಅಂತ ಆವತ್ತು ಪಕ್ಕಕ್ಕಿಟ್ಟೆ.

ನಾನು ಅವನನ್ನು ಮೊದಲು ಕಂಡದ್ದು ಘಟನೆಯಾಗಿ ಐವತ್ತು ದಿನ ಕಳೆದ ಮೇಲೆ. ಈ ದಿನದ ಲೆಕ್ಕ ಮುಖ್ಯ. ಪ್ರಾಥಮಿಕ ಮೌಲ್ಯಮಾಪನ ಮೊದಲ ಹಾಜರಿಯಿಂದ ಮೂರು ತಿಂಗಳಲ್ಲಿ ಮುಗಿಯಬೇಕು. ಅಷ್ಟು ಹೊತ್ತಿಗೆ ನನ್ನ ಮುಂದೆ ಕೂತಿದ್ದವನು ವೀಕ್ಷಣಾಲಯದಲ್ಲಿ (ವಿಚಾರಣೆ ನಡೆಯುವಾಗ ಇಂಥ ಮಕ್ಕಳನ್ನು ಇಡುವ ಜಾಗ) ಹೊತ್ತಿಗೆ ಸರಿಯಾಗಿ ಉಂಡು, ಹೊತ್ತಿಗೆ ಸರಿಯಾಗಿ ಮಲಗಿ, ಫೋನಿಲ್ಲದೆ ಇದ್ದ ಹುಡುಗ. ತಲೆಗೆ ಎಣ್ಣೆ ಹಾಕಿ ಬಾಚಿದ್ದ. ಕಾನೂನು ನನ್ನನ್ನು ಕೇಳುವುದು ಆ ರಾತ್ರಿಯ ಹುಡುಗನ ಬಗ್ಗೆ. ನನಗೆ ಸಿಗುವುದು ಈ ಹುಡುಗ.

ಕೇಳುವುದು ಮೂರೇ ವಿಷಯ. ಆ ಅಪರಾಧ ಮಾಡಲು ಬೇಕಾದ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ? ಅದರ ಪರಿಣಾಮ ಅರ್ಥ ಮಾಡಿಕೊಳ್ಳುವ ಶಕ್ತಿ ಇತ್ತೇ? ಯಾವ ಸಂದರ್ಭದಲ್ಲಿ ಅದು ನಡೆಯಿತು ಅನ್ನಲಾಗಿದೆ? ಮೊದಲನೆಯದಕ್ಕೆ ಉತ್ತರ ಬರೆಯಲು ಐದು ನಿಮಿಷ ಸಾಕು, ಗಾಡಿ ತೊಳೆದು ತೋಳು ಗಟ್ಟಿಯಾದ ಹುಡುಗ, ಬುದ್ಧಿಗೂ ಕೊರತೆಯಿಲ್ಲ. ಎರಡನೆಯದಕ್ಕೂ ಸುಲಭ ಅನ್ನಿಸಿತು. ಅವನ ಕೇಸಿನ ಬಗ್ಗೆ ಕೇಳದೆ, ಸುಮ್ನೆ ಯಾರೋ ಒಬ್ಬನ ಮಾತು ಅನ್ನುವ ಹಾಗೆ ಕೇಳಿದೆ. ರಾತ್ರಿ ಒಬ್ಬರನ್ನ ಅಡ್ಡ ಹಾಕಿ ದುಡ್ಡು ಕಿತ್ಕೊಂಡ್ರೆ ಏನಾಗುತ್ತೆ?

"ಕೇಸಾಯ್ತದೆ ಮೇಡಂ. ಒಳಗಾಕ್ತಾರೆ. ಅವ್ವ ಅಳ್ತಳೆ."

ಮಚ್ಚು ಬೀಸಿದರೆ?

"ಕೈ ಓಯ್ತದೆ. ಸತ್ರೂ ಸತ್ರು."

ಪೂರ್ತಿ ಅಂಕ. ಈ ಕಾಗದ ನೋಡಿದ ಯಾರಾದರೂ ಪರಿಣಾಮದ ಅರಿವು ಇದೆ ಅಂತ ಟಿಕ್ ಹಾಕುತ್ತಾರೆ. ಪೊಲೀಸರ ವಾದವೂ ಅದೇ ಆಗಿತ್ತು. ಅವರ ಹತ್ತಿರ ಇನ್ನೊಂದು ಗಟ್ಟಿ ಅಂಶವಿತ್ತು, ಬೈಕಿನ ನಂಬರ್ ಪ್ಲೇಟಿಗೆ ಕೆಸರು ಬಳಿದಿತ್ತು, ಬಳಿದವನು ಈ ಹುಡುಗನೇ ಅಂತ ಚಿಕ್ಕವನು ಹೇಳಿದ್ದ. ಸಿಕ್ಕಿಬೀಳಬಾರದು ಅಂತ ಯೋಚಿಸುವವನು ಮಗುವೇ? ಒಳ್ಳೆ ಪ್ರಶ್ನೆ. ನಾನೂ ಎರಡು ದಿನ ಅದನ್ನೇ ತಿರುವಿ ಹಾಕಿದೆ.

ಆದರೆ ಅದೇ ಕಡತದಲ್ಲಿ ಇನ್ನೊಂದು ಹಾಳೆ ಇತ್ತು. ಸುಲಿಗೆಯಾಗಿ ಒಂದು ಗಂಟೆ ಕಳೆದಿಲ್ಲ, ಹುಡುಗ ದಿನಾ ಹೋಗುವ ಗೋಬಿ ಗಾಡಿ ಮುಂದೆ, ಅದೇ ಅಂಗಿಯಲ್ಲಿ, ಅದೇ ಬೈಕಿನ ಮೇಲೆ ಕಾಲು ಹಾಕಿ ಕೂತು ಫೋಟೊ ತೆಗೆಸಿಕೊಂಡು ಇನ್‌ಸ್ಟಾಗ್ರಾಂ ಸ್ಟೋರಿ ಹಾಕಿದ್ದ. ಬೈಕು ಅವನ ಭಾವನದು. ಮಾರನೇ ದಿನ ಮಧ್ಯಾಹ್ನ ಮೂವರೂ ಸಿಕ್ಕಿಬೀಳಲು ಅಷ್ಟು ಸಾಕಾಯಿತು. ಮುಂದಿನ ಇಪ್ಪತ್ತು ನಿಮಿಷಕ್ಕೆ ಕೆಸರು ಬಳಿಯುವಷ್ಟು ಬುದ್ಧಿ, ಮುಂದಿನ ಬೆಳಗಾಗುತ್ತದೆ ಅನ್ನುವುದರ ಅರಿವೇ ಇಲ್ಲ. ಎರಡೂ ಒಂದೇ ತಲೆಯಲ್ಲಿ, ಒಂದೇ ರಾತ್ರಿ.

ಮಂಡ್ಯದವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಕಬ್ಬು ಬುಡದಿಂದ ಬಲಿಯುತ್ತಾ ಬರುತ್ತದೆ. ಬುಡ ಸಿಹಿಯಾಗಿದ್ದರೂ ತುದಿ ಸಪ್ಪೆ ಇರುತ್ತದೆ. ಕಬ್ಬು ಕಟಾವಿಗೆ ಬಂತೇ ಅಂತ ನೋಡುವವರು ಬುಡದ ರಸವನ್ನೂ ತುದಿಯ ರಸವನ್ನೂ ಬೇರೆ ಬೇರೆ ಅಳೆಯುತ್ತಾರೆ. ಬುಡದ ಒಂದು ತುಂಡು ಜಗಿದು ಬಲಿತಿದೆ ಅಂತ ಯಾವ ರೈತನೂ ಹೇಳಲ್ಲ. ನಾವು ಮಾತ್ರ ಹದಿನಾರರ ಹುಡುಗನನ್ನು ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಪ್ರಶ್ನೆ ಕೇಳಿ, ಬಲಿತಿದ್ದಾನೆ ಅಂತ ಬರೆದುಬಿಡುತ್ತೇವೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು ಈ ವಿಷಯದಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 13ರಿಂದ 16ರವರು, 18ರಿಂದ 22ರವರು, 24 ದಾಟಿದವರು ಹೀಗೆ ಮೂರು ಗುಂಪಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಕೆಲವರು ಒಬ್ಬರೇ ಆಡಿದರು, ಕೆಲವರು ಗೆಳೆಯರು ನೋಡುತ್ತಿರುವಾಗ ಆಡಿದರು. ಗೆಳೆಯರು ಇದ್ದಾಗ ಚಿಕ್ಕ ವಯಸ್ಸಿನವರು ಅಪಾಯಕ್ಕೆ ಕೈಹಾಕಿದ್ದು ತುಂಬಾ ಜಾಸ್ತಿ. 24 ದಾಟಿದವರಲ್ಲಿ ಗೆಳೆಯರು ಇದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಅವರು ಹೇಳುವುದು ಸ್ಥೂಲವಾಗಿ ಹೀಗೆ: ಸಾವಧಾನವಾಗಿ ಕೂತು ಯೋಚಿಸುವ ಶಕ್ತಿ ಹದಿನಾರರ ಹೊತ್ತಿಗೆ ದೊಡ್ಡವರಷ್ಟೇ ಇರುತ್ತದೆ. ರೇಗಿದಾಗ, ಅಮಲೇರಿದಾಗ, ನಾಲ್ಕು ಜನ ನೋಡುವಾಗ ಕೈ ತಡೆಯುವ ಶಕ್ತಿ ಇನ್ನೂ ಹಲವು ವರ್ಷ ಬಲಿಯುತ್ತಲೇ ಇರುತ್ತದೆ. ಮೆದುಳಿನ ಮುಂಭಾಗ ಪೂರ್ತಿ ಮಾಗಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು.

ಆದರೆ ಇದನ್ನೇ ವರದಿಯಲ್ಲಿ ಬರೆದರೆ ಆಯಿತೇ? ಇಲ್ಲ. ಈ ಮಾತು ಎಲ್ಲ ಹದಿನಾರರ ಹುಡುಗರಿಗೂ ಒಪ್ಪುತ್ತದೆ, ಎಲ್ಲರೂ ಮಚ್ಚು ಬೀಸುವುದಿಲ್ಲವಲ್ಲ. ಮೆದುಳು ಅಂದುಬಿಟ್ಟರೆ ಎಲ್ಲವನ್ನೂ ಮನ್ನಿಸಿದ ಹಾಗೆ ಆಗುತ್ತದೆ, ನನಗೆ ಅದು ಸರಿ ಕಾಣುವುದಿಲ್ಲ. ನನಗೆ ಬೇಕಿದ್ದದ್ದು ಈ ಹುಡುಗನಲ್ಲಿ ಅದು ಹಾಗೆ ಕೆಲಸ ಮಾಡಿತೇ ಅನ್ನುವುದು.

ಅದು ಸಿಕ್ಕಿದ್ದು ಮೂರನೇ ಸಲ ಕೂತಾಗ, ಕೇರಂ ಆಡುತ್ತಾ. ಘಟನೆಗೆ ಹದಿನೈದು ದಿನ ಮುಂಚೆ ಅಣ್ಣ ಫೋನು ಮಾಡಿ, ಯಾರದೋ ತೋಟದ ಪಂಪ್‌ಸೆಟ್ ಕೇಬಲ್ ಕುಯ್ಯೋಣ ಬಾ ಅಂದಿದ್ದ. ಹುಡುಗ ಬರಲ್ಲ ಅಂದಿದ್ದ, ಅವ್ವನಿಗೆ ಜ್ವರ ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದ. ಆವಾಗ ಆಗಲ್ಲ ಅಂದವನು ಈಗ ಯಾಕೆ ಹೋದೆ ಅಂತ ಕೇಳಿದ್ದಕ್ಕೆ ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ:

"ಆವತ್ತು ಫೋನಲ್ ಕೇಳಿದ್ದ ಮೇಡಂ. ಇವತ್ತು ಗಾಡಿ ಮ್ಯಾಲೆ ಕೇಳ್ದ. ತಿರುಗಿ ಮಚ್ಚು ಕೊಟ್ಟು ಇಡ್ಕೊಳ್ಲಾ ಅಂದ. ಇಂದ್ಗಡೆ ಚಿಕ್ಕೋನು ಕುಂತವ್ನೆ. ಎಂಗ್ ಬ್ಯಾಡ ಅನ್ನದು?"

ಚಿಕ್ಕವನು ಇವನನ್ನು ನೋಡಿ ಕಲಿಯುವ ಹುಡುಗ. ಇವನು ಕೂದಲು ಬಿಟ್ಟ ಹಾಗೆ ಅವನೂ ಬಿಟ್ಟಿದ್ದ. ಒಬ್ಬನೇ ಇದ್ದಾಗ, ಫೋನಿನ ಆಚೆ ಕಡೆಯವನಿಗೆ ಸುಳ್ಳು ಹೇಳಿಯಾದರೂ ಬೇಡ ಅಂದವನಿಗೆ, ಹಿಂದೆ ಕೂತ ಚಿಕ್ಕವನ ಮುಂದೆ ಬೇಡ ಅನ್ನಲು ಆಗಲಿಲ್ಲ. ಮುಂದೆ ಅಣ್ಣನ ಬೆನ್ನು, ಹಿಂದೆ ಚಿಕ್ಕವನ ಕಣ್ಣು. ಅವ್ವ ಸಾವಾಸ ಅಂದದ್ದು ಇದನ್ನೇ ಅಂತ ಆವಾಗ ನೆನಪಾಯಿತು.

ಇಲ್ಲಿ ನನ್ನ ಕೆಲಸದ ಅತಿ ಕಷ್ಟದ ಜಾಗ ಬರುತ್ತದೆ, ಇದರ ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ. ಮೌಲ್ಯಮಾಪನ ಅಂದರೆ ವಿಚಾರಣೆಯಲ್ಲ ಅಂತ ಬಾಲ ನ್ಯಾಯ ಕಾಯ್ದೆಯ 15ನೇ ಸೆಕ್ಷನ್ನೇ ಹೇಳುತ್ತದೆ. ತಪ್ಪು ಮಾಡಿದ್ದಾನೋ ಇಲ್ಲವೋ ಇನ್ನೂ ಸಾಬೀತಾಗಿಲ್ಲ. ಆದರೂ ಯಾವ ಸಂದರ್ಭದಲ್ಲಿ ಮಾಡಿದ ಅಂತ ಬರೆಯಬೇಕು. ಹುಡುಗನ ಪರವಾಗಿ ಇರುವ ಅತಿ ದೊಡ್ಡ ಸಂಗತಿ ಯಾವುದು? ಮಚ್ಚು ಅವನದಲ್ಲ, ಎರಡು ನಿಮಿಷ ಮುಂಚೆ ದೊಡ್ಡವನೊಬ್ಬ ಅವನ ಕೈಗೆ ಕೊಟ್ಟ. ಆದರೆ ಅವನ ಬಾಯಿಂದ ಅದನ್ನು ಬರೆದ ಕೂಡಲೇ ಮಚ್ಚು ನನ್ನ ಕೈಯಲ್ಲಿತ್ತು ಅಂತ ಅವನೇ ಒಪ್ಪಿಕೊಂಡ ಹಾಗೆ. ಕಾಪಾಡುವ ಮಾತೇ ಸಿಕ್ಕಿಸುವ ಮಾತು. ವಿಶ್ವಾಸದಿಂದ, ಕೇರಂ ಆಡುತ್ತಾ ಹೇಳಿದ್ದು ಬೇರೆ.

ನಾನು ಅದನ್ನು ಬರೆಯಲಿಲ್ಲ. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಹುಡುಗನ ಮನೆ, ಸುತ್ತಮುತ್ತ ವಿಚಾರಿಸಿ ಬರೆದ ಸಾಮಾಜಿಕ ತನಿಖಾ ವರದಿಯನ್ನು ಮತ್ತೆ ಓದಿದೆ. ಒಂಬತ್ತು ಗಂಟೆಗೆ ಅಣ್ಣನ ಚೀಲದಲ್ಲಿ ಮಚ್ಚು ಇತ್ತು ಅಂತ ಟೀ ಅಂಗಡಿಯವರು ಹೇಳಿದ್ದು ಅದರಲ್ಲಿ ಇತ್ತು. ಗಾಯಗೊಂಡವರ ದೂರಿನಲ್ಲಿ, ಗಾಡಿ ಓಡಿಸುತ್ತಿದ್ದವನು 'ಹೊಡೀಲಾ, ನೋಡ್ತಾ ನಿಂತವ್ನೆ' ಅಂತ ಕೂಗಿದ್ದು ಇತ್ತು. ಇವೆರಡೂ ಕಡತದಲ್ಲಿ ಮೊದಲೇ ಇದ್ದ ಮಾತುಗಳು. ದೂರಿನಲ್ಲಿ ಹೇಳಿದಂತೆ ನಡೆದಿದ್ದೇ ಆದರೆ, ಅಂತ ಶುರು ಮಾಡಿ ಅವುಗಳಿಂದಲೇ ಬರೆದೆ. ಪರಿಣಾಮದ ಅರಿವು ಇದೆ ಅಂತಲೇ ಬರೆದೆ, ಸುಳ್ಳು ಯಾಕೆ ಹೇಳಲಿ. ಜೊತೆಗೆ, ಆ ಅರಿವನ್ನು ದೊಡ್ಡವನ ಆಜ್ಞೆ ಮತ್ತು ಜೊತೆಗಾರನ ಕಣ್ಣಿನ ಮುಂದೆ ಬಳಸಿಕೊಳ್ಳುವ ಶಕ್ತಿ ಬಲಿತಿಲ್ಲ, ಒಂಟಿಯಾಗಿದ್ದಾಗ ಒತ್ತಡಕ್ಕೆ ಒಪ್ಪದೆ ಇದ್ದಾನೆ, ಗುಂಪಿನಲ್ಲಿ ಆಗಿಲ್ಲ ಅಂತ ಬರೆದೆ. ಪಂಪ್‌ಸೆಟ್ ಹೆಸರು ಎತ್ತಲಿಲ್ಲ. ಕೆಸರು, ಸ್ಟೋರಿ ಎರಡನ್ನೂ ಒಂದರ ಪಕ್ಕ ಒಂದು ಇಟ್ಟೆ. ಬುದ್ಧಿಮತ್ತೆ ಪರೀಕ್ಷೆಯ ಅಂಕಿಯನ್ನು ಕೊನೆಗೆ ಹಾಕಿದೆ. ಆ ಅಂಕಿ ನೋಡಿದ ಕೂಡಲೇ ಓದುವವರು ಉಳಿದದ್ದನ್ನು ಓದುವುದು ನಿಲ್ಲಿಸುತ್ತಾರೆ, ನನ್ನ ಅನುಭವ.

ನನ್ನಂಥವರನ್ನು ಕರೆಯುವುದೇ ಈಚೆಗೆ ಗಟ್ಟಿಯಾದ ರೂಢಿ. ಕಾಯ್ದೆಯಲ್ಲಿ ಮಂಡಳಿ ತಜ್ಞರ ನೆರವು ಪಡೆಯಬಹುದು ಅಂತ ಮಾತ್ರ ಇತ್ತು. 2022ರ ಜುಲೈನಲ್ಲಿ, ಗುರುಗ್ರಾಮದ ಶಾಲೆಯೊಂದರ ಮಗುವಿನ ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರವೋ ಮನೋವೈದ್ಯವೋ ಓದಿ ವೃತ್ತಿಯಲ್ಲಿರುವವರು ಇಲ್ಲದಿದ್ದರೆ ಈ 'ಬಹುದು' ಅನ್ನುವುದನ್ನು 'ಬೇಕು' ಅಂತಲೇ ಓದಿಕೊಳ್ಳಬೇಕು ಎಂದಿತು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ. ತೀರ್ಮಾನ ಅವರದೇ, ನನ್ನ ವರದಿ ಒಂದು ಕಾಗದ ಅಷ್ಟೇ.

ಅವತ್ತು ಮಂಡಳಿಯ ಮಹಿಳಾ ಸದಸ್ಯರು ಹುಡುಗನನ್ನು ಒಂದೇ ಪ್ರಶ್ನೆ ಕೇಳಿದರು. "ಭಾವನ ಗಾಡಿ ತರುವಾಗ ಭಾವನಿಗೆ ಏನಂತ ಹೇಳಿದೆ ಮಗಾ?" ಅವನು, "ಪೆಟ್ರೋಲ್ ಹಾಕುಸ್ಕೊಂಡು ಬತ್ತಿನಿ ಅಂದೆ" ಅಂದ. ಹಾಕಿಸಿದೆಯಾ? ಹಾಕಿಸಿದ್ದನಂತೆ, ನೂರು ರೂಪಾಯಿದು, ತನ್ನ ದುಡ್ಡಲ್ಲಿ. ಯಾರೂ ನಗಲಿಲ್ಲ, ಆದರೆ ಮ್ಯಾಜಿಸ್ಟ್ರೇಟ್ ಪೆನ್ನು ಕೆಳಗಿಟ್ಟರು.

ಪ್ರಕರಣ ಮಂಡಳಿಯಲ್ಲೇ ಉಳಿಯಿತು. ಮಕ್ಕಳ ನ್ಯಾಯಾಲಯಕ್ಕೆ ಹೋಗಿ ದೊಡ್ಡವನಂತೆ ವಿಚಾರಣೆಯಾಗಿ ಶಿಕ್ಷೆಯಾಗಿದ್ದರೆ 21 ತುಂಬುವವರೆಗೆ ಸುರಕ್ಷಾ ಸ್ಥಳದಲ್ಲಿ, ಅಂದರೆ ಜೈಲಲ್ಲದ ಬೇರೆ ಬಂಧನದ ಜಾಗದಲ್ಲಿ ಇರಬೇಕಿತ್ತು, ಆಮೇಲೆ ಅವನು ಹೇಗಿದ್ದಾನೆ ಅಂತ ನೋಡಿ ಬಿಡುವುದೋ ಉಳಿದ ಅವಧಿಗೆ ಜೈಲಿಗೆ ಕಳಿಸುವುದೋ ತೀರ್ಮಾನ. ಜಾಮೀನಿನ ವಿಷಯದಲ್ಲೂ ಮಂಡಳಿ ಸಾವಾಸವನ್ನೇ ನೋಡಿತು. ಅಣ್ಣನ ಮನೆ ಅದೇ ಬೀದಿಯಲ್ಲಿ, ಅವನಿಗೂ ಅಷ್ಟರಲ್ಲಿ ಜಾಮೀನು ಸಿಕ್ಕಿತ್ತು. ಬಿಡುಗಡೆಯಾದರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ ಅನ್ನಿಸಿದರೆ ಬಿಡದೆ ಇರಲು ಕಾಯ್ದೆಯಲ್ಲಿ ಅವಕಾಶವಿದೆ. ಹಾಗಾಗಿ ಹುಣಸೂರು ಕಡೆಯ ಸೋದರಮಾವ ಬಂದು ನಾನು ಇಟ್ಟುಕೊಳ್ಳುತ್ತೇನೆ ಅಂತ ಬರೆದುಕೊಟ್ಟ ಮೇಲೆಯೇ ಕಳಿಸಿದರು. ವಿಚಾರಣೆ ಮುಗಿದು ತಪ್ಪು ಸಾಬೀತಾಯಿತು. ಮಾವನ ಜವಾಬ್ದಾರಿಯಲ್ಲಿ, ಪರಿವೀಕ್ಷಣಾಧಿಕಾರಿಯ ಕಣ್ಣಳತೆಯಲ್ಲಿ ಎರಡು ವರ್ಷ ಇರಬೇಕು, ಆಪ್ತ ಸಮಾಲೋಚನೆಗೆ ಬರಬೇಕು, ಗಣಿತ ಕಟ್ಟಬೇಕು. ಗಣಿತ ಎರಡನೇ ಸಲವೂ ಹೋಯಿತು. ಮಾವನ ಪಂಕ್ಚರ್ ಅಂಗಡಿಯಲ್ಲಿ ಇದ್ದಾನೆ, ಅಲ್ಲಿಗೂ ಗೆಳೆಯರು ಬರುತ್ತಾರೆ, ಯಾರು ಬರುತ್ತಾರೆ ಅಂತ ಮಾವ ಒಂದು ಕಣ್ಣಿಟ್ಟಿದ್ದಾರೆ.

ಅಣ್ಣನ ಮೇಲೆ ಮಗುವನ್ನು ಅಪರಾಧಕ್ಕೆ ಬಳಸಿಕೊಂಡದ್ದಕ್ಕೆ ನ್ಯಾಯ ಸಂಹಿತೆಯ 95ನೇ ಸೆಕ್ಷನ್ ಸೇರಿಸಲು ಮೊದಲು ಯಾರಿಗೂ ಹೊಳೆದಿರಲಿಲ್ಲ. ಮೂರರಿಂದ ಹತ್ತು ವರ್ಷ ಶಿಕ್ಷೆಯ ಸೆಕ್ಷನ್ ಅದು, ಜೊತೆಗೆ ಆ ಅಪರಾಧವನ್ನು ತಾನೇ ಮಾಡಿದ ಹಾಗೆ ಅದರ ಶಿಕ್ಷೆಯೂ ಬೀಳುತ್ತದೆ. ಆಮೇಲೆ ಸೇರಿತು. ಮೂವರು ಸಿಕ್ಕಿಬಿದ್ದಾಗ ಎಲ್ಲರೂ ಮಚ್ಚು ಬೀಸಿದವನನ್ನೇ ನೋಡುತ್ತಾರೆ, ಕೊಟ್ಟವನನ್ನಲ್ಲ.

ಪೆಟ್ಟು ತಿಂದವರ ಮಾತು ಹೇಳದಿದ್ದರೆ ಇದು ಅರ್ಧ ಬರೆದ ಹಾಗೆ. ಮಕ್ಕಳನ್ನೂ ದೊಡ್ಡವರನ್ನೂ ಒಟ್ಟಿಗೆ ವಿಚಾರಣೆ ಮಾಡುವಂತಿಲ್ಲ, ಆದ್ದರಿಂದ ಅವರು ಮಂಡಳಿಗೂ ಬರಬೇಕು, ಕೋರ್ಟಿಗೂ ಹೋಗಬೇಕು. ಒಂದೊಂದು ದಿನಕ್ಕೂ ಒಂದು ಕೂಲಿ ಹೋಯಿತು. ಮೂಳೆ ಕೂಡಿತು, ಆದರೆ ಕೊಪ್ಪರಿಗೆ ಎತ್ತಲು ಆಗಲ್ಲ, ಈಗ ಆಲೆಮನೆಯಲ್ಲಿ ಒಲೆಗೆ ಸಿಪ್ಪೆ ಹಾಕುವ ಕೆಲಸ, ಸಂಬಳ ಕಡಿಮೆ. ವರಾಂಡದಲ್ಲಿ ಒಂದು ಸಲ ನನ್ನ ಪಕ್ಕ ಕೂತರು. ಹುಡುಗನನ್ನು ಬಿಟ್ಟದ್ದಕ್ಕೆ ಬೈಯುತ್ತಾರೆ ಅಂದುಕೊಂಡು ನಾನು ಉತ್ತರವನ್ನೂ ಜೋಡಿಸಿಕೊಳ್ಳುತ್ತಿದ್ದೆ.

"ಮೇಡಂ, ನನ್ ಫೋನು ಯಾವಾಗ ಕೊಡ್ತಾರೆ? ಮಗಳ ಮದ್ವೆ ಫೋಟೊ ಎಲ್ಲಾ ಅದ್ರಲ್ಲೇ ಅವೆ."

ಫೋನು ಮುದ್ದೇಮಾಲು. ಅಣ್ಣನ ಕೇಸಿಗೆ ಸಾಕ್ಷಿ ಅಂತ ಇನ್ನೂ ಬೀಗ ಹಾಕಿದ ಕೋಣೆಯಲ್ಲಿ ಚೀಟಿ ಅಂಟಿಸಿಕೊಂಡು ಕೂತಿತ್ತು. ಕೇಸು ಮುಗಿಯುವ ಮೊದಲೇ ಅದನ್ನು ತಾತ್ಕಾಲಿಕವಾಗಿ ಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಫೋನಿನ ಬಿಲ್ ಇದೆಯಾ ಅಂತ ಕೇಳಿದೆ. ಮನೆಯಲ್ಲಿ ಟ್ರಂಕಿನೊಳಗೆ ಇರಬೇಕು, ನೋಡ್ತೀನಿ ಅಂದರು.